ಮನೆಯಿಂದ ಗೋಪುರಕ್ಕೆ ಎಷ್ಟು ಬೆರಳು

ಉಗುರಿನ ಸಂದಿಗೆ ಹಳದಿ ಸೇರಿಕೊಂಡಿದೆ, ತೋರುಬೆರಳಿನ ಉಗುರಿಗೆ, ಗೋಡೆಯನ್ನು ಸುಮ್ಮನೆ ಒಂದು ಸಲ ಕೆರೆದಿದ್ದಕ್ಕೆ — ಮೇಲಿನ ನೀಲಿ ಹಪ್ಪಳದ ಹಾಗೆ ಎದ್ದು ಕೈಗೆ ಬಂತು, ಅದರಡಿಯಲ್ಲಿ ಈ ಹಳದಿ, ಸುಣ್ಣಕ್ಕೆ ಬೆಟ್ಟದ ಮಣ್ಣು ಕಲಸಿ ಅಪ್ಪ ಪ್ರತಿ ವಸಂತದಲ್ಲೂ ಬಳಿಯುತ್ತಿದ್ದ ಹಳದಿ, ಮೂವತ್ತೆರಡು ವರ್ಷ ಬಿಸಿಲು ಕಾಣದೆ ಒಳಗೇ ಕೂತಿದ್ದರೂ ಒಂದಿಷ್ಟೂ ಮಾಸಿಲ್ಲ, ನಿಯೆವೆಸ್ ಬೆರಳನ್ನು ಮೂಸಿ ನೋಡುತ್ತಾಳೆ, ಬರೀ ಉಪ್ಪು. ತಾನು ಹುಟ್ಟಿದ ಮನೆಯ ಮುಂದೆ ಊರು ನೋಡಲು ಬಂದವಳ ಹಾಗೆ ನಿಂತಿದ್ದಾಳೆ, ಬಾಗಿಲ ಪಕ್ಕದಲ್ಲಿ ಬಾಡಿಗೆಗೆ ಬರುವ ಪ್ರವಾಸಿಗರಿಗೆಂದು ಅಂಕಿ ಒತ್ತಿದರೆ ತೆರೆಯುವ ಕೀಲಿಪೆಟ್ಟಿಗೆ, ಬಲೆ ಒಣಹಾಕುತ್ತಿದ್ದ ಗೂಟಕ್ಕೆ ಈಗ ಹೂವಿನ ಕುಂಡ, ಒಳಗಿಂದ ಬಿಸಿಲಿಗೆ ಕೆಂಪಾದ ಗಂಡಹೆಂಡತಿ ಹೊರಬಂದು ಅವಳ ಕೈಗೆ ಫೋನು ಕೊಟ್ಟು ಸನ್ನೆ ಮಾಡುತ್ತಾರೆ, ಗೋಡೆ ಬರಲಿ, ಸಮುದ್ರವೂ ಬರಲಿ — ತೆಗೆದುಕೊಟ್ಟಳು, ಎರಡೂ ಒಟ್ಟಿಗೆ ಬರಬೇಕಾದರೆ ಎಲ್ಲಿ ನಿಲ್ಲಬೇಕೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು, ಚೆಂದದ ಊರು ನಿಮ್ಮದು ಅಂದಳು ಆ ಹೆಂಗಸು ತೊದಲು ಮಾತಿನಲ್ಲಿ, ನಿಮ್ಮದು, ಹೌದು, ಬೆನ್ನಿಗೆ ಬೆಟ್ಟ, ಮೊಣಕಾಲಿಗೆ ನೀರು, ನಡುವೆ ಕಾಲು ಮಡಚಿ ಕೂರುವಷ್ಟು ಜಾಗ, ಅಷ್ಟು ಜಾಗಕ್ಕಾಗಿ ದೂರದ ಸರಗೋಸಾ ನಗರದ ಐದನೇ ಮಹಡಿಯಲ್ಲಿ ಮಲಗಿರುವ ಒಬ್ಬ ಮುದುಕ ನಿದ್ದೆಯಲ್ಲೂ ತೋಳು ಚಾಚುತ್ತಾನೆ, ಗಾಳಿಯಲ್ಲಿ ಬೆರಳು ನಿಲ್ಲಿಸಿ ಏನನ್ನೋ ಅಳೆಯುತ್ತಾನೆ, ಮೊದಲ ಸಲ ಕಂಡಾಗ ನೀರು ಕೇಳುತ್ತಿದ್ದಾನೆ ಅಂದುಕೊಂಡು ಲೋಟ ತಂದಿದ್ದಳು.

ನೀರಲ್ಲ, ಬೆರಳು. ಎಷ್ಟು ಬೆರಳು, ನಿಯೆವೆಸ್? ಎರಡನೇ ಸಲ ಲಕ್ವ ಹೊಡೆದ ಮೇಲೆ ಅಪ್ಪನ ಮಾತು ಎರಡೆರಡೇ ಶಬ್ದವಾಗಿ ಉದುರುತ್ತದೆ, ಆದರೂ ಈ ಪ್ರಶ್ನೆ ಮಾತ್ರ ಇಡಿಯಾಗಿ ಬರುತ್ತದೆ, ಮನೆಯಿಂದ ಕಾವಲುಗೋಪುರಕ್ಕೆ ಎಷ್ಟು ಬೆರಳು? ನೀರಿನಡಿಯಲ್ಲೊಂದು ಬಂಡೆ, ಅಪ್ಪನ, ಅಂದರೆ ಬತಿಸ್ತೆಯ, ಮನೆತನದ್ದು, ದಡದಿಂದ ಅರ್ಧ ಗಂಟೆಯ ದೂರ, ಅದರ ಅಂಚಿಗೆ ಬಲೆ ಇಳಿಸಿದರೆ ಯಾವ ಚಳಿಗಾಲದಲ್ಲೂ ಒಲೆ ಆರದು, ಬಲೆ ಒಂದು ಮಾರು ತಪ್ಪಿ ಬಂಡೆಯ ಮೇಲೆ ಬಿತ್ತೋ ಅದು ಮತ್ತೆ ಬಲೆಯಲ್ಲ, ಚಿಂದಿ, ಅದಕ್ಕೇ ಗುರುತು ಎರಡು — ಊರ ಹಿಂದಿನ ಬೆಟ್ಟಕ್ಕೆ ಎಲ್ಲರೂ ಅಜ್ಜಿ ಅನ್ನುತ್ತಾರೆ, ಅದರ ನೆತ್ತಿಯ ಕಚ್ಚು ಅಜ್ಜಿಯ ಬಿದ್ದ ಹಲ್ಲು, ನೀರಿನಿಂದ ನೋಡಿದರೆ ಚರ್ಚಿನ ಗಂಟೆ ಆ ಬಿದ್ದ ಹಲ್ಲಿನ ಜಾಗದಲ್ಲಿ ಕೂರುವವರೆಗೂ ದೋಣಿ ಸರಿಸಬೇಕು, ಇದು ಒಂದು. ಆಮೇಲೆ ಆ ಗೆರೆ ಬಿಡದೆ ಹೊರಗೆ ಹೋಗುತ್ತ ಹೋಗುತ್ತ ತೋಳು ಚಾಚಿ, ನಮ್ಮ ಹಳದಿ ಮನೆಗೂ ಭೂಶಿರದ ಕಾವಲುಗೋಪುರಕ್ಕೂ ನಡುವೆ ಇಷ್ಟು ಬೆರಳು ಹಿಡಿಸಿದರೆ ನಿಲ್ಲು, ಇದು ಎರಡು. ಮನೆತನದಲ್ಲಿ ಒಬ್ಬರಿಗೆ ಮಾತ್ರ ಹೇಳುವುದು, ಬರೆದಿಡುವಂತಿಲ್ಲ, ಅವಳಿಗೆ ಒಂಬತ್ತಾದಾಗ ಹೇಳಿದ, ನನ್ನ ಬೆರಳು ಸಣ್ಣ ಅಲ್ವಾ ಅಪ್ಪಾ, ಲೆಕ್ಕ ತಪ್ಪುತ್ತಲ್ಲ, ಅವನು ನಕ್ಕ, ತೋಳೂ ಗಿಡ್ಡ ಅಲ್ಲೇನೆ ಮಂಕೇ, ದೇವರು ತೋಳಿಗೆ ತಕ್ಕ ಬೆರಳು ಕೊಟ್ಟಿದ್ದಾನೆ, ನನ್ನ ಎರಡು ನಿನಗೂ ಎರಡೇ — ಎರಡು ಅಂದನೇ, ಅಥವಾ ಅದು ಬರೀ ಮಾತಿಗೆ ಹೇಳಿದ ಎರಡೇ, ಆಮೇಲೆ ನಿಜವಾದ ಸಂಖ್ಯೆ ಹೇಳಿದ, ಅವಳು ತಲೆಯಾಡಿಸಿದಳು, ತಲೆಯಾಡಿಸಿದ್ದು ನೆನಪಿದೆ, ಮರುಗಳಿಗೆಯೇ ದೋಣಿಯಂಚಿಗೆ ಬಾಗಿ ಬೆಳಗಿನ ರೊಟ್ಟಿಯನ್ನೆಲ್ಲ ಸಮುದ್ರಕ್ಕೆ ಕಕ್ಕಿದ್ದೂ ನೆನಪಿದೆ, ಸಂಖ್ಯೆಯೂ ಅದರ ಜೊತೆಗೇ ಹೋಯಿತು. ಈಗ ಅವನಿಗೂ ಮರೆತಿದೆ. ಲಯಾಗೆ ಹೇಳಬೇಕು ಅನ್ನುತ್ತಾನೆ ತುಂಡು ತುಂಡಾಗಿ, ಮೊಮ್ಮಗಳಿಗೆ, ಹನ್ನೆರಡು ತುಂಬಿತು, ಅರ್ಧ ಗುರುತು ಕೊಡಬಾರದು, ಅರ್ಧ ಗುರುತು ಕೊಡೋದು ಮಗೂನ ಬಂಡೆಗೆ ಕೊಟ್ಟ ಹಾಗೆ, ಬೇಗ ನೋಡಿ ಬಾ — ದೋಣಿಯ ಮುಖ ನೋಡದೆ ಬೆಳೆದ ಹುಡುಗಿಗೆ ಯಾಕೆ ಅಪ್ಪಾ ಅದೆಲ್ಲ ಅನ್ನಬೇಕೆಂದಿದ್ದಳು, ಅವನ ತೋಳು ಇನ್ನೂ ಚಾಚಿಯೇ ಇತ್ತು, ಶಾಲೆಯ ಅಡುಗೆಮನೆಯಲ್ಲಿ ಒಂದು ದಿನದ ರಜೆ ಬೇಡಿ ರಾತ್ರಿ ಬಸ್ಸು ಹತ್ತಿದಳು, ನಾಳೆ ಮತ್ತೆ ನಾನೂರು ಮಕ್ಕಳ ಬೇಳೆ ಬೇಯಬೇಕು, ವಾಪಸು ಬಸ್ಸು ಐದೂವರೆಗೆ.

ಬಾ ಬಾ, ಸರಗೋಸಾದ ದೊರೆಸಾನಿ, ಚಪ್ಪಲಿ ಬಿಚ್ಚಿ ಹತ್ತು, ಇದು ನಿಮ್ಮ ಬಸ್ಸಲ್ಲ, ಅನ್ನುತ್ತಾನೆ ಚೀಮೊ, ತಲೆ ಬೋಳಾಗಿದೆ, ನಗು ಹಾಗೇ ಇದೆ, ಒಂದೇ ಬೀದಿಯಲ್ಲಿ ಬೆಳೆದವನು, ಈಗ ತನ್ನ ಮೀನುದೋಣಿಯಲ್ಲೇ ಪ್ರವಾಸಿಗರಿಗೆ ಗುಹೆ ತೋರಿಸುತ್ತಾನೆ, ನಿಮ್ಮಪ್ಪನ ಗುಟ್ಟಿಗೆ ನಮ್ಮಪ್ಪ ಇಪ್ಪತ್ತು ವರ್ಷ ಬೆನ್ನು ಹತ್ತಿದ್ದ ಮಾರಾಯ್ತಿ, ಕುಡಿಸಿ ನೋಡಿದ, ಇಸ್ಪೀಟಲ್ಲಿ ಬೇಕಂತ ಸೋತು ನೋಡಿದ, ಬತಿಸ್ತೆ ಮಾವ ಗಡಿಗೆಗಟ್ಟಲೆ ಕುಡಿದರೂ ಬಾಯಿ ಬಿಡಲಿಲ್ಲ, ಈಗ ನೋಡು, ನನ್ನ ದೋಣೀಲೇ ಹೋಗಿ ಹುಡುಕ್ತೀಯ, ಈ ಯಂತ್ರದ ಒಂದು ಗುಂಡಿ ಒತ್ತಿದರೆ ಸಾಕು, ತಳ ಎಲ್ಲ ಪರದೆ ಮೇಲೆ — ಒತ್ತಬೇಡ ಚೀಮೊ. ಒತ್ತಲ್ಲ ಕಣೆ. ಬೆನ್ನು ದಡದ ಕಡೆ ಹಾಕ್ಕೊಂಡು ಕೂತ್ಕೋ, ಅಪ್ಪ ಹೇಳಿಕಳಿಸಿದಾರೆ, ಅಂದಳು. ಲಕ್ವ ಹೊಡೆದರೂ ಅನುಮಾನ ಹೋಗಿಲ್ಲ ಮುದುಕಂಗೆ, ಅಂದು ಗೊಣಗುತ್ತ ತಿರುಗಿ ಕೂತ, ಹಿಂಗೈಯಲ್ಲಿ ಚುಕ್ಕಾಣಿ ಹಿಡಿದು, ನಂಗೆ ಮಾವನ ಬಂಡೆ ಬೇಕಿರಲಿಲ್ಲ, ಮಾವನ ಮಗಳು ಬೇಕಿತ್ತು, ಅದೂ ಬಸ್ಸು ಹತ್ತಿತು — ಅಂದು ತಾನೇ ನಕ್ಕ, ಅವಳೂ ನಕ್ಕಳು, ಎಂಜಿನ್ನಿನ ಸದ್ದು ಒಳ್ಳೆಯದು, ಕೆಲವು ಮಾತು ಅದರಲ್ಲಿ ಮುಳುಗಿಹೋಗುತ್ತವೆ, ದಡ ಹಿಂದೆ ಸರಿಯುತ್ತಿದೆ, ಮನೆಗಳು ಬೆಂಕಿಪೆಟ್ಟಿಗೆಗಳಾಗುತ್ತಿವೆ, ಕೆಂಪು, ಬಿಳಿ, ಹಸಿರು, ಪ್ರತಿ ಮನೆಗೂ ಒಂದೊಂದು ಬಣ್ಣ, ನೀರಲ್ಲಿರುವ ಗಂಡಸಿಗೆ ತನ್ನ ಮನೆ ತಿಳಿಯಲೆಂದು, ಪಕ್ಕದವರ ಬಣ್ಣ ಬಳಿಯಬಾರದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ, ಆದರೆ ಆಗ ಅವಳಿಗೆ ಹದಿನೇಳು, ಅಮ್ಮನಿಗೆ ಬೇಸಿಗೆಯಲ್ಲಿ ಮೇಲಿನ ಕೋಣೆ ಬಾಡಿಗೆಗೆ ಕೊಡುವ ಆಸೆ, ಚಿತ್ರದ ಕಾರ್ಡಿನಲ್ಲಿರುವ ಮನೆಗಳೆಲ್ಲ ನೀಲಿ ಅಲ್ವಾ ಅಮ್ಮಾ, ಅಪ್ಪ ಎಂಜಿನ್ ರಿಪೇರಿಗೆಂದು ದೋಣಿ ತೆಗೆದುಕೊಂಡು ವಲೆನ್ಸಿಯಾಕ್ಕೆ ಹೋಗಿ ಎಂಟು ದಿನ, ಬರೋದರೊಳಗೆ ಮುಗಿಸೋಣ, ಬೆರಗಾಗಲಿ — ಏಣಿಯ ಮೇಲೆ ನಿಂತು ಅವಳೇ ಬಳಿದಳು, ಸೂರಿನಿಂದ ಕೆಳಕ್ಕೆ, ಮೊಣಕೈವರೆಗೂ ನೀಲಿ, ಹಾಡುತ್ತ ಬಳಿದಳು, ಅಪ್ಪ ಕಲಸಿಟ್ಟಿದ್ದ ಒಂದು ಬಕೆಟ್ ಹಳದಿ ಉಳಿದಿತ್ತು, ಸುಮ್ಮನೆ ಹಾಳಾಗುತ್ತಲ್ಲ, ಅಯ್ಯೋ ಕೊಡೇ ಮಗಾ ಅಂದಳು ಐದು ಬಾಗಿಲು ಆಚೆಯ ಅಂಪಾರೊ ಚಿಕ್ಕಮ್ಮ, ವಿಧವೆ, ಅವಳಿಗಾಗಿ ನೀರಿನಿಂದ ದಡ ನೋಡುವವರು ಯಾರೂ ಇರಲಿಲ್ಲ, ಯಾವ ಬಣ್ಣವಾದರೇನು, ಕೊಟ್ಟಳು, ಕೈಯಾರೆ ಕೊಟ್ಟಳು.

ಬೆಳಗಿನ ಜಾವದ ಮಸುಕಿನಲ್ಲಿ ದಡದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಹಳದಿ. ಮನೆಗೆ ಬರುವ ಮುಂಚೆ ಒಂದು ಸಲ ಬಲೆ ಬಿಟ್ಟು ಬರೋಣವೆಂದು ಅಪ್ಪ ತೋಳು ಚಾಚಿದ, ಬೆರಳು ಹಿಡಿದ, ತನ್ನ ಮನೆಯೆಂದುಕೊಂಡು ಅಂಪಾರೊ ಚಿಕ್ಕಮ್ಮನ ಹಳದಿ ಗೋಡೆಯಿಂದ ಅಳೆದ, ಸಾಲ ಮಾಡಿ ಕೊಂಡ ಹೊಸ ಬಲೆಗಳಷ್ಟನ್ನೂ ಬಂಡೆಯ ಬೆನ್ನ ಮೇಲೆ ಹಾಸಿದ. ಬಿಸಿಲೇರಿದ ಮೇಲೆ ಬರಿಗೈಲಿ ಬಂದು ನೀಲಿ ಗೋಡೆಯ ಮುಂದೆ ನಿಂತ, ಟೋಪಿ ತೆಗೆದು ಹಿಂದೆ ಸರಿದು ನೋಡಿದ, ಐದು ಬಾಗಿಲು ಆಚೆಗೂ ಒಂದು ಸಲ ನೋಡಿದ, ತಂಪಾಗಿದೆ, ಚೆನ್ನಾಗಿದೆ ಅಂದ. ಅಷ್ಟೇ. ಆ ಸಾಲಕ್ಕೆ ಆ ವರ್ಷವೇ ದೋಣಿ ಹೋಯಿತು, ಮನೆ ಹೋಯಿತು, ಅಮ್ಮ ಪಾತ್ರೆ ಕಟ್ಟಿದಳು, ಅಪ್ಪ ಸರಗೋಸಾದ ಗಾಜಿನ ಕಾರ್ಖಾನೆಗೆ ಸೇರಿದ, ಸಮುದ್ರವೇ ಇಲ್ಲದ ಊರಿನಲ್ಲಿ ಬೆಳಿಗ್ಗೆ ಎದ್ದು ಕಿಟಕಿ ತೆರೆದು ಗಾಳಿ ಯಾವ ಕಡೆಯದೆಂದು ನೋಡುತ್ತಿದ್ದ, ಮೂವತ್ತೆರಡು ವರ್ಷ ಅದರ ಬಗ್ಗೆ ಒಂದು ಮಾತಾಡಲಿಲ್ಲ, ಒಂದು ಸಲ ಬೈದಿದ್ದರೆ, ಒಂದೇ ಸಲ ಕೈಯೆತ್ತಿದ್ದರೆ — ಅವನಿಗೆ ಗೊತ್ತಾಗಲೇ ಇಲ್ಲವೇನೋ, ಗಾಳಿಯದೋ ಸೆಳೆತದ್ದೋ ತಪ್ಪು ಅಂದುಕೊಂಡನೇನೋ, ಆ ಏನೋಗಳ ಮೇಲೆಯೇ ಅವಳು ಮದುವೆಯಾದಳು, ಹೆತ್ತಳು, ನಾನೂರು ತಟ್ಟೆ ತೊಳೆದಳು.

ನಿಲ್ಲಿಸು ಚೀಮೊ. ಗಂಟೆ ಬಿದ್ದ ಹಲ್ಲಿನ ಜಾಗಕ್ಕೆ ಬಂದು ಕೂತಿದೆ, ಅಜ್ಜಿ ಬಾಯಿ ತೆರೆದು ನಗುತ್ತಿದ್ದಾಳೆ, ಈ ಗೆರೆಯಲ್ಲೇ ಎಲ್ಲೋ ಕೆಳಗೆ ಬಂಡೆ, ಚೀಲದಿಂದ ಸಮುದ್ರದ ತಳ ತಿಳಿಯಲು ಬಿಡುವ ಅಪ್ಪನ ಸೀಸದ ಗುಂಡು ತೆಗೆದು ಅದರಡಿಯ ಗುಳಿಗೆ ಬಟ್ಟೆ ಸಾಬೂನು ಮೆತ್ತಿ ಹಗ್ಗ ಬಿಡುತ್ತಾಳೆ, ಎಳೆಯುತ್ತಾಳೆ, ಸಾಬೂನಿಗೆ ಮರಳು ಅಂಟಿದೆ, ಇದಲ್ಲ, ಇನ್ನೂ ಆಚೆ, ಮರಳು, ಇನ್ನಷ್ಟು ಆಚೆ, ಹಗ್ಗ ಅಂಗೈ ಸುಡುತ್ತಿದೆ, ಮರಳು, ಏನೇ, ಸಮುದ್ರಕ್ಕೆ ಸ್ನಾನ ಮಾಡಿಸ್ತೀಯೇನೇ ಅನ್ನುತ್ತಾನೆ ಚೀಮೊ, ತಿರುಗದೆಯೇ, ತಿರುಗುತ್ತಿಲ್ಲ ನೋಡು, ಕುತ್ತಿಗೆ ನೆಟ್ಟಗಿದೆ, ಹಿಂದೆಯೂ ಹೀಗೇ, ಅವಳು ಹೋದ ದಿನ ಬಸ್ಸಿನ ಕಡೆ ತಿರುಗಿರಲಿಲ್ಲ — ಹಗ್ಗ ಸಡಿಲಾಯಿತು, ಇಷ್ಟು ಬೇಗ, ಎಳೆದಳು, ಸಾಬೂನು ಗೀರಿ ಹೋಗಿದೆ, ಮರಳಿನ ಒಂದು ಕಾಳೂ ಇಲ್ಲ, ಕಲ್ಲು. ಬಂಡೆ. ತೋಳು ಚಾಚಿದಳು, ಹಂಡೆಯೆತ್ತಿ ಊದಿದ ಕೈ, ಉಂಗುರದ ಬೆರಳಿನ ಅಂಚಿಗೆ ಕಾವಲುಗೋಪುರ, ಆಮೇಲೆ ನಡುಬೆರಳು, ಆಮೇಲೆ ತೋರುಬೆರಳು, ಅದರ ಆಚೆ ಅಂಚಿಗೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ನೀಲಿ ಮನೆ.

ಲಯಾ, ಫೋನು ತಾತನ ಕಿವಿಗಿಡು ಕಂದಾ. ಅಮ್ಮಾ, ತಾತ ಬೆಳಿಗ್ಗೆಯಿಂದ ಊಟ ಮಾಡಿಲ್ಲ, ನಿಂಗೆ ಕಾಯ್ತಿದಾರೆ. ಅಪ್ಪಾ, ಬಂಡೆ ಮೇಲಿದ್ದೀನಿ. ಮೊಣಕೈ, ಅನ್ನುತ್ತಾನೆ ಅಪ್ಪ, ಮಡಚಬೇಡ. ಮಡಚಿಲ್ಲ ಅಪ್ಪಾ. ಎಷ್ಟು. ಮೂರು. ದೂರದಿಂದ ಲಯಾಳ ನಗು, ಅಮ್ಮಾ, ತಾತ ನನ್ನ ಬೆರಳು ಬಿಡಿಸ್ತಿದಾರೆ, ಕಚಗುಳಿ ಆಗುತ್ತೆ, ಆಮೇಲೆ ಅಪ್ಪನ ದನಿ, ಮಗುವಿಗೆ ಹೇಳುತ್ತಿದ್ದಾನೆ, ಅಜ್ಜಿಯ ಹಲ್ಲು, ಗಂಟೆ, ಹಳದಿ ಮನೆ, ಮೂರು ಬೆರಳು — ಹಳದಿ ಅಲ್ಲ ಅಪ್ಪಾ, ಅಂದುಬಿಟ್ಟಳು, ತಡೆಯುವುದರೊಳಗೆ ಬಾಯಿಂದ ಬಂತು, ಹಳದಿ ಅಲ್ಲ, ನೀಲಿ, ನಾನೇ ಬಳಿದದ್ದು, ಉಳಿದ ಹಳದೀನ ಅಂಪಾರೊ ಚಿಕ್ಕಮ್ಮಂಗೆ ಕೊಟ್ಟದ್ದೂ ನಾನೇ, ನಿನ್ನ ಬಲೆ — ಗೊತ್ತು. ಏನಂದೆ ಅಪ್ಪಾ? ಗೊತ್ತು ಕಣೇ, ಆವತ್ತೇ ಗೊತ್ತು, ಅನ್ನುತ್ತಾನೆ, ಒಂದೊಂದೇ ಶಬ್ದ ಹುಡುಕಿ ಹುಡುಕಿ, ಹಳದಿ ಅಂತಲೇ, ಇರಲಿ. ಕದ್ದು ಕೇಳಿದವರು, ಹುಡುಕ್ಕೊಂಡು ಸಾಯಲಿ. ಆಮೇಲೆ ಕೆಮ್ಮೋ ನಗುವೋ, ಚೀಮೊನ ಬೆನ್ನು ಅಲುಗುತ್ತಿದೆ, ಕೇಳಿಸಿಕೊಂಡನೋ ಏನೋ, ಇಲ್ಲ, ತಿರುಗಿಲ್ಲ, ಫೋನು ಕಟ್ಟಾಯಿತು, ಹೋಗೋಣ ಅನ್ನಬೇಕು, ತೋಳು ಇಳಿಸಬೇಕು, ಐದೂವರೆಯ ಬಸ್ಸು, ನೆನೆಹಾಕಬೇಕಾದ ಬೇಳೆ — ದೋಣಿ ಏಳುತ್ತದೆ, ಮನೆ ಬೆರಳು ಬಿಟ್ಟು ಸರಿಯುತ್ತದೆ, ದೋಣಿ ಇಳಿಯುತ್ತದೆ, ಮತ್ತೆ ಬಂದು ಅಂಟಿಕೊಳ್ಳುತ್ತದೆ, ಇಲ್ಲಿಂದ ಉಗುರಿಗಿಂತ ದೊಡ್ಡದಿಲ್ಲ ಆ ಮನೆ, ಉಗುರಿನ ಅಂಚಿಗೆ ಮನೆ, ಉಗುರಿನ ಸಂದಿಯಲ್ಲಿ ಹಳದಿ, ತೋಳು ಇಳಿಯುತ್ತಿಲ್ಲ, ಉಗುರು, ಹಳದಿ