ಎಡಗಡೆಯ ಗುಡ್ಡೆ

ಎಡಗಡೆಯ ಅಡಿಕೆ ಗುಡ್ಡೆ ನಿಜವಾಗಿಯೂ ಹೆಚ್ಚು ಕೆಂಪಗಿದೆಯೇ? ಇರಲು ಸಾಧ್ಯವಿಲ್ಲ. ಎರಡಕ್ಕೂ ಒಂದೇ ಡಬ್ಬಿಯ ಬಣ್ಣ, ಒಂದೇ ಕುಂಚ, ಹಚ್ಚಿದ್ದೂ ಒಂದೇ ಬೆಳಿಗ್ಗೆ. ಹಾಗಿದ್ದೂ ದುರುಗೇಶ ಮೂರನೇ ಸಲ ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಡಬ್ಬಿಯ ತಳದಲ್ಲಿ ಬಣ್ಣ ಮಡ್ಡಿಗಟ್ಟಿತ್ತೇ? ಕಲಕದೆ ಹಚ್ಚಿಬಿಟ್ಟೆನೇ? ಅನುಮಾನ ಹುಟ್ಟಿದ್ದು ಬಣ್ಣದಿಂದಲ್ಲ, ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷ ಮರುಳಪ್ಪನವರ ಒಂದು ಮಾತಿನಿಂದ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ನಾಲ್ಕನೇ ಸಲ ಬಗ್ಗಿದ.

ಜಗಳೂರಿನ ದುರುಗೇಶ ದಾವಣಗೆರೆಯಲ್ಲಿ ಚಿತ್ರಕಲೆ ಓದಿ, ಶಾಲೆಗಳ ಗೋಡೆಯ ಮೇಲೆ ಕಣ್ಣಿಗೆ ಮೋಸ ಮಾಡುವ ಚಿತ್ರ ಬರೆಯುವ ಕಸುಬು ಹಿಡಿದಿದ್ದ. ಒಂದೇ ಉದ್ದದ ಎರಡು ಗೆರೆ, ಒಂದು ಗಿಡ್ಡವಾಗಿ ಕಾಣುತ್ತದೆ. ಸುಮ್ಮನೆ ನಿಂತ ಚಕ್ರ, ತಿರುಗಿದಂತೆ ಕಾಣುತ್ತದೆ. ಮಕ್ಕಳು ಮೊದಲು ಸೋಲಬೇಕು, ಆಮೇಲೆ ಸ್ಕೇಲಿಟ್ಟು ಅಳೆದು ನಗಬೇಕು. ಅವನ ಪಾಠ ಇಷ್ಟೇ. ದೊಡ್ಡವರಿಗೆ ಈ ಪಾಠ ಒಗ್ಗುತ್ತಿರಲಿಲ್ಲ. ಚನ್ನಗಿರಿಯಲ್ಲಿ ಒಬ್ಬ ಮೇಷ್ಟ್ರು ಗೆರೆ ಅಳೆದು ನೋಡಿ, ಸ್ಕೇಲೇ ಸರಿಯಿಲ್ಲವೆಂದು ಬೇರೆ ಸ್ಕೇಲು ತರಿಸಿದ್ದರು. ಹೊನ್ನಾಳಿಯಲ್ಲಿ ಚಕ್ರ ನೋಡಿದ ಸಮಿತಿ ಸದಸ್ಯರೊಬ್ಬರಿಗೆ ತಲೆ ಸುತ್ತಿ ಬಂದು, ಅದರ ಮೇಲೆ ದಾನಿಗಳ ಹೆಸರಿನ ಫಲಕ ಜಡಿದರು. ಫಲಕ ತಿರುಗದೆ ನಿಂತಿದ್ದರಿಂದ ಎಲ್ಲರಿಗೂ ಸಮಾಧಾನವಾಯಿತು.

ನ್ಯಾಮತಿಯ ಈ ಶಾಲೆಯ ವಿಷಯ ಬೇರೆ. ಇಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿಯಿತ್ತು. ಗೋಡೆ ಅಧ್ಯಕ್ಷರಿಗೆ ಮೆಚ್ಚಿಗೆಯಾದರೆ ಸೋಮವಾರದ ಉದ್ಘಾಟನೆಯಲ್ಲೇ ನೇಮಕದ ಆದೇಶ ಕೊಡುತ್ತಾರೆಂದು ಮುಖ್ಯೋಪಾಧ್ಯಾಯಿನಿ ಪ್ರೇಮಲತಾ ಹೇಳಿದ್ದರು. ಆರು ವರ್ಷ ಊರೂರಿಗೆ ಏಣಿ ಹೊತ್ತವನಿಗೆ ಅದನ್ನು ಒಂದು ಕಡೆ ಒರಗಿಸುವ ಆಸೆ. ಅಧ್ಯಕ್ಷರು ಅಡಿಕೆ ವ್ಯಾಪಾರಿ. ಅವರನ್ನು ಮೆಚ್ಚಿಸಲೆಂದೇ ಅವನು ಅಡಿಕೆ ಬರೆದ. ಎಡಕ್ಕೆ ಬಿಳಿ ಹಿನ್ನೆಲೆಯಲ್ಲಿ ಒಂದು ಗುಡ್ಡೆ, ಬಲಕ್ಕೆ ಕಪ್ಪು ಹಿನ್ನೆಲೆಯಲ್ಲಿ ಇನ್ನೊಂದು. 'ಯಾವುದು ಹೆಚ್ಚು ಕೆಂಪು?' ಎಂದು ಮೇಲೆ ಪ್ರಶ್ನೆ. ಕೆಳಗಿನ ಪುಟ್ಟ ಹಲಗೆ ಎತ್ತಿದರೆ ಉತ್ತರ: 'ಎರಡೂ ಒಂದೇ.'

ಮೆಚ್ಚಿಸಲು ಹೋಗಿ ಅವನು ಮರುಳಪ್ಪನವರ ಕಣ್ಣಿಗೇ ಕೈ ಹಾಕಿದ್ದ. ನಲವತ್ತು ವರ್ಷದಿಂದ ಅವರ ಆಸ್ತಿ ಅಂದರೆ ಆ ಕಣ್ಣು. ಕೆಂಪು ಗಾಢವಾದಷ್ಟೂ ಅಡಿಕೆಗೆ ಬೆಲೆ ಹೆಚ್ಚು. ಅಂಗಡಿಯಲ್ಲಿ ಅಡಿಕೆ ಸುರಿದ ಕೂಡಲೇ ಒಮ್ಮೆ ನೋಡಿ, 'ಒಂದನೇ ನಂಬರು' ಅಥವಾ 'ಎರಡನೇ ನಂಬರು' ಎಂದು ಬೆನ್ನು ತಿರುಗಿಸುವುದು ಅವರ ಪದ್ಧತಿ. ಎರಡನೇ ಸಲ ನೋಡಿದರೆ ಕಣ್ಣಿಗೆ ಅವಮಾನ. ಇನ್ನೊಮ್ಮೆ ನೋಡಿ ಎಂದು ಬೆಳೆಗಾರರೂ ಕೇಳುತ್ತಿರಲಿಲ್ಲ. ಅದು ಉಣ್ಣಲು ಕರೆದವರ ಮನೆಯಲ್ಲಿ ಅನ್ನ ಮೂಸಿ ನೋಡಿದ ಹಾಗೆ.

ಶನಿವಾರ ಅವರು ನಾಲ್ಕೈದು ಬೆಳೆಗಾರರೊಂದಿಗೆ ಬಂದು ಗೋಡೆಯ ಮುಂದೆ ನಿಂತರು. ಒಮ್ಮೆ ನೋಡಿದರು.

"ಇದ್ರಾಗೆ ಕೇಳಾಕೆ ಏನೈತೋ ತಮ್ಮಾ? ಎಡಗಡೆದು ಒಂದನೇ ನಂಬರು. ಬಲಗಡೆದು ಬೇಯಿಸಿದ್ದು ಸಾಲದು."

ಬಂದವರೆಲ್ಲ ಹೂಂಗುಟ್ಟಿದರು.

"ಸಾಹುಕಾರ್ರೆ, ಈ ರಟ್ಟಿನ ತೂತಿನಾಗೆ ಒಂದ್ಸಲ ನೋಡ್ರಿ," ಎಂದು ದುರುಗೇಶ ಎರಡು ತೂತಿನ ರಟ್ಟು ಚಾಚಿದ. ಅದನ್ನು ಹಿಡಿದರೆ ಹಿನ್ನೆಲೆ ಮರೆಯಾಗಿ ಗುಡ್ಡೆಗಳ ಬಣ್ಣವಷ್ಟೇ ಕಾಣುತ್ತದೆ.

ಮರುಳಪ್ಪ ಆಗಲೇ ಬೆನ್ನು ತಿರುಗಿಸಿದ್ದರು. "ಯಾವೂರು ನಿಂದು?"

"ಜಗಳೂರ್ರಿ."

"ಅದಕ್ಕೇ ಮತ್ತೆ. ನಿಮ್ ಕಡೇರು ಅಡಿಕೇನ ಮದುವೆ ಮನೆ ತಟ್ಟ್ಯಾಗಷ್ಟೇ ನೋಡಿರ್ತೀರಿ."

ಎಲ್ಲರೂ ನಕ್ಕರು. ದುರುಗೇಶನೂ ನಕ್ಕ. ಯಾಕೆ ನಕ್ಕೆ ಎಂದು ಆಮೇಲೆ ಯೋಚಿಸಿದ.

ಅವರು ಹೋದ ಮೇಲೆ ಪ್ರೇಮಲತಾ ಹತ್ತಿರ ಬಂದರು. "ಅಧ್ಯಕ್ಷರು ಎಡಗಡೆ ಅಂದ್ರಲ್ಲ, ಉತ್ತರ ತಿದ್ದಿಬಿಡ್ರಿ."

"ಎರಡೂ ಒಂದೇ ಅನ್ನೋದೇ ಪಾಠ ಐತಲ್ರಿ ಮೇಡಂ."

"ಅದು ಮಕ್ಕಳಿಗೆ. ಅಧ್ಯಕ್ಷರೇನು ಮಕ್ಕಳೇನ್ರಿ?"

"ಸುಳ್ಳು ಬರೆದಂಗಾಗ್ತೈತಿ."

"ಹೆಂಗಾಗ್ತೈತೆ? ಬಣ್ಣ ನಿಮ್ದು, ಕುಂಚ ನಿಮ್ದು. ಎಡಗಡೆ ಇನ್ನೊಂದು ಕೋಟು ಹೊಡೀರಿ. ಆವಾಗ ಅದೇ ನಿಜ ಆಗ್ತೈತಲ್ಲ."

ಇಷ್ಟು ನಯವಾದ ಕಣ್ಕಟ್ಟನ್ನು ದುರುಗೇಶ ತನ್ನ ಜನ್ಮದಲ್ಲಿ ಬರೆದಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಗೋಡೆಯ ಮುಂದೆ ಕೂತಿದ್ದಾಗ, ಹಿಂದಿನ ದಿನ ಬಂದಿದ್ದ ಬೆಳೆಗಾರರಲ್ಲಿ ಒಬ್ಬ, ಬಸವಾಪಟ್ಟಣದ ಜಂಪಣ್ಣ, ಒಬ್ಬನೇ ಬಂದು ಬೈಕು ನಿಲ್ಲಿಸಿದ. ಬಹಳ ಹೊತ್ತು ಗುಡ್ಡೆಗಳನ್ನು ನೋಡಿದ.

"ಮೇಷ್ಟ್ರೆ, ಒಂದು ಕೇಳ್ಲಾ? ನಮ್ ಮಾಲು ತಗಂಡ್ಹೋದ್ರೆ ಸಾಹುಕಾರ್ರು ಕರೇ ತಾಡಪಾಲಿನ ಮ್ಯಾಲೆ ಸುರಿಸ್ತಾರೆ. ಯಾವ ವರ್ಷಾನೂ ಎರಡನೇ ನಂಬರೇ. ಅದೇ ಮಾಲು ಅವ್ರು ಮಾರಾಕೆ ಇಟ್ಟಾಗ ಬಿಳೇ ಬಟ್ಟೆ ಮ್ಯಾಲೆ ಇರ್ತೈತೆ. ಆವಾಗ ನನ್ ಕಣ್ಣಿಗೂ ಒಂದನೇ ನಂಬರಂಗೇ ಕಾಣ್ತೈತೆ. ಹೆಂಗ್ರಿ ಅದು?"

ಆರು ವರ್ಷದಲ್ಲಿ ದುರುಗೇಶನ ಚಿತ್ರವನ್ನು ಇಷ್ಟು ಚೆನ್ನಾಗಿ ಓದಿದವರಿರಲಿಲ್ಲ. ಈತ ಹಲಗೆಯನ್ನೂ ಎತ್ತಿರಲಿಲ್ಲ.

"ಆ ರಟ್ಟು ಕೊಟ್ರೆ ನಾನೇ ನೋಡ್ತೀನ್ರಿ," ಎಂದ ಜಂಪಣ್ಣ.

"ಅದು ಆಫೀಸಿನಾಗೈತೆ. ನಾಳೆ ಬರ್ರಿ."

ರಟ್ಟು ಅವನ ಚೀಲದಲ್ಲೇ ಇತ್ತು.

ಜಂಪಣ್ಣನ ಬೈಕಿನ ಸದ್ದು ಅಡಗಿದ ಮೇಲೂ ಅವನು ಕದಲಲಿಲ್ಲ. ಮರುಳಪ್ಪನವರು ತಿಳಿದೇ ಕರಿ ತಾಡಪಾಲು ಹಾಸುತ್ತಾರೋ, ಅಥವಾ ತಮ್ಮ ತಾಡಪಾಲಿಗೆ ತಾವೇ ನಲವತ್ತು ವರ್ಷದಿಂದ ಮೋಸಹೋಗುತ್ತಿದ್ದಾರೋ? ಗೊತ್ತಿಲ್ಲದೆ ಒಬ್ಬ ದೊಡ್ಡ ಮನುಷ್ಯನ ಮೇಲೆ ಆರೋಪ ಹೊರಿಸುವುದು ಸರಿಯೇ? ಈ ಪ್ರಶ್ನೆ ಅವನಿಗೆ ಬಹಳ ಹಿಡಿಸಿತು. ಅದನ್ನೇ ಯೋಚಿಸುತ್ತ ಡಬ್ಬಿಯ ಮುಚ್ಚಳ ತೆಗೆದ, ಚೂರು ಕಪ್ಪು ಬೆರೆಸಿದ, ಈ ಸಲ ತಳದಿಂದ ಚೆನ್ನಾಗಿ ಕಲಕಿದ. ಸಂಜೆಯೊಳಗೆ ಎಡಗಡೆಯ ಗುಡ್ಡೆ ಒಣಗಿತು. ಹಲಗೆಯ ಕೆಳಗಿನ ಉತ್ತರ ಅಳಿಸಿ 'ಎಡಗಡೆಯದು' ಎಂದು ದುಂಡಗೆ ಬರೆದ. ಅಕ್ಷರಗಳು ಮಾತ್ರ ಬಹಳ ಚೆನ್ನಾಗಿ ಬಂದವು.

ಸೋಮವಾರ ಮರುಳಪ್ಪ ಹಲಗೆ ಎತ್ತಿ ಓದಿ, ಗೋಡೆ ಪರೀಕ್ಷೆಯಲ್ಲಿ ಪಾಸಾದಂತೆ ತಲೆಯಾಡಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆದೇಶದ ಲಕೋಟೆ ದುರುಗೇಶನ ಕೈಗೆ ಬಂತು. "ಜಗಳೂರಿನವನಾದ್ರೂ ಕಣ್ಣು ಪಳಗೈತೆ ಬಿಡ್ರಿ," ಎಂದು ಮರುಳಪ್ಪ ಮೈಕಿನಲ್ಲೇ ಹೊಗಳಿದರು.

ಜನ ಕರಗಿದ ಮೇಲೆ ಜಂಪಣ್ಣ ರಟ್ಟು ಇಸಿದುಕೊಂಡು ತೂತಿನಲ್ಲಿ ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದ.

"ಹೌದ್ರಿ. ಎಡಗಡೆದೇ ಕೆಂಪೈತೆ." ಅವನ ಮುಖ ಬಾಡಿತು. "ಸುಮ್ನೆ ಸಾಹುಕಾರ್ರ ಮ್ಯಾಲೆ ಅನುಮಾನ ಪಟ್ಟೆ. ನನ್ ಮಾಲೇ ಎರಡನೇ ನಂಬರು ಇರ್ಬೇಕು. ಬೇಯಿಸಾಕೆ ನಮ್ಗೇ ಬರಲ್ಲೇನೋ."

ರಟ್ಟನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟು, ಮೇಷ್ಟ್ರು ಏನಾದರೂ ಹೇಳಬಹುದೆಂದು ತುಸು ಹೊತ್ತು ನಿಂತ.

"ಊಟ ಮಾಡ್ಕಂಡು ಹೋಗ್ರಿ, ಅಲ್ಲಿ ಬಡಿಸ್ತಾ ಅವ್ರೆ," ಎಂದ ದುರುಗೇಶ.

ಎರಡೂ ಗುಡ್ಡೆ ಒಂದೇ ಬಣ್ಣದವಾಗಿದ್ದವು, ನಿನ್ನೆ ನೀನು ಹೋದ ಮೇಲೆ ಎಡಗಡೆಯದಕ್ಕೆ ನಾನೇ ಬಣ್ಣ ಹೊಡೆದೆ ಎಂದು ಅವನು ಜಂಪಣ್ಣನಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.