ಒಂದು ಸ್ಟೇಜ್ ಹಿಂದೆ

ಕೊಳ್ಳೇಗಾಲದಿಂದ ಸತ್ತೇಗಾಲಕ್ಕೆ ಬರುವ ಬಸ್ಸಿನಲ್ಲಿ ಸದಾಶಿವಪ್ಪ ಒಮ್ಮೆಯೂ ಊರಿನ ತನಕ ಟಿಕೀಟು ಕೊಂಡವನಲ್ಲ. ಸ್ಟೇಜಿಗೊಂದು ದರ. ಒಂದು ಸ್ಟೇಜ್ ಹಿಂದೆಯೇ ಇಳಿದು ಗದ್ದೆ ಬದುವಿನ ಮೇಲೆ ನಡೆದುಬಿಡುತ್ತಿದ್ದ. ಉಳಿಯುತ್ತಿದ್ದುದು ಅರ್ಧಾಣೆ. ಹೆಂಡತಿ ಶಿವರತ್ನಮ್ಮ ಸೆರಗು ಬಿಗಿದು ಹಿಂದೆ ಬರುತ್ತಿದ್ದಳು.

ಆ ರೂಢಿ ಮದರಾಸಿನವರೆಗೂ ಹೋಯಿತು.

ಮನೆ ಪಾಲಾದ ದಿನ ತಮ್ಮ ಕೆಂಪನಂಜಪ್ಪನಿಗೆ "ಈ ಹೊಸ್ತಿಲು ತುಳೀಬ್ಯಾಡ" ಎಂದಿದ್ದವನು ಸದಾಶಿವಪ್ಪನೇ. ಆರು ವರ್ಷದ ಮೇಲೆ ತಮ್ಮನ ಕಾರ್ಡು ಬಂತು: ಕೊಲಂಬೋದ ರೇಷ್ಮೆ ಅಂಗಡಿಗೆ ಸಾಹುಕಾರರು ಕಳಿಸುತ್ತಿದ್ದಾರೆ, ಮಂಗಳವಾರ ಹನ್ನೊಂದಕ್ಕೆ ಮೀನಂಬಾಕ್ಕಂನಿಂದ ವಿಮಾನ, ಉಣ್ಣಿಸಿ ಬೆಳೆಸಿದ ಅತ್ತಿಗೆಯನ್ನು ಒಮ್ಮೆ ನೋಡಬೇಕು. ಅಣ್ಣನ ಹೆಸರೇ ಇರಲಿಲ್ಲ. ಆದರೂ ಸದಾಶಿವಪ್ಪ ಹೊರಟ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು.

ಸೆಂಟ್ರಲ್‌ನಲ್ಲಿ ಇಳಿದು, ರಸ್ತೆ ದಾಟಿ, ಪಾರ್ಕ್ ಟೇಸನ್ನಿಗೆ ಬಂದಾಗ ಒಂಬತ್ತೂವರೆ. ಕರೆಂಟ್ ರೈಲಿನ ಟಿಕೀಟಿನ ಕಿಂಡಿಯಲ್ಲಿ ತನ್ನ ಗಡಿಸೀಮೆಯ ತಮಿಳಿನಲ್ಲಿ ದರ ವಿಚಾರಿಸಿದ. ಮೀನಂಬಾಕ್ಕಂಗಿಂತ ಮೊದಲಿನ ಪರಂಗಿಮಲೆಗಾದರೆ ಇಬ್ಬರಿಗೂ ಸೇರಿ ಒಂದಾಣೆ ಕಡಿಮೆ.

"ಅಲ್ಲೀಗಂಟ ಸಾಕು. ಆಮೇಕೆ ನಡುದ್ರಾಯ್ತು."

"ಒಂದಾಣೆಗ್ಯಾಕ್ರಿ? ಕಾಣದ ಊರು."

"ಸುಮ್ಕಿರಮ್ಮಿ. ನೀನೇನು ಜಮೀನ್ದಾರನ ಮಗಳಾ?"

"ಮಗಳಲ್ಲ. ಜಿಪುಣನ ಎಂಡ್ತಿ."

ಪರಂಗಿಮಲೆಯಲ್ಲಿ ಇಳಿದು ನಡೆದರು. ಒಂದು ಸ್ಟೇಜ್ ಎಂದುಕೊಂಡಿದ್ದು ಮುಗಿಯಲೇ ಇಲ್ಲ. ಬದುವಿರಲಿಲ್ಲ, ಅಡ್ಡದಾರಿಯಿರಲಿಲ್ಲ, ಮಿಲಿಟರಿಯವರ ಬೇಲಿ ಸುತ್ತಿಕೊಂಡು ಹೋಗಬೇಕಾಯಿತು. ಶಿವರತ್ನಮ್ಮನ ಕಂಕುಳಲ್ಲಿ ಮೈದುನನಿಗೆಂದು ಮಾಡಿದ ಕಜ್ಜಾಯದ ಡಬ್ಬಿ. ತಲೆಯ ಮೇಲೆ ಸದ್ದು ಬಂದಾಗ ಇಬ್ಬರೂ ನಿಂತರು. ವಿಮಾನ ಕಡಲಿನ ಕಡೆ ವಾಲಿಕೊಂಡು ಹೋಯಿತು.

"ಬ್ಯಾರೇದಿರಬೋದು," ಎಂದ ಸದಾಶಿವಪ್ಪ.

ಅವಳು ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮುಂದೆ ನಡೆದಳು.

ಅದು ಕೊಲಂಬೋದ್ದೇ ಎಂದ ವಿಮಾನ ನಿಲ್ದಾಣದ ಗೇಟಿನ ಕಾವಲುಗಾರ. ಒಬ್ಬಾತ ಕೊನೆಯವರೆಗೂ ಬೇಲಿಯ ಹತ್ತಿರ ಬಂದು ಬಂದು, ರೈಲಿಳಿದು ಬರುವವರನ್ನೇ ನೋಡುತ್ತಿದ್ದನಂತೆ. ಆಮೇಲೆ ಕಾವಲುಗಾರ ಕೈ ತೋರಿಸಿ ಕೇಳಿದ: "ಸ್ಟೇಷನ್ ಅಗೋ ಅಲ್ಲೇ ಇದೆಯಲ್ಲ, ನೀವ್ಯಾಕೆ ನಡೆದು ಬಂದಿರಿ?"

ಸದಾಶಿವಪ್ಪನಿಗೆ ಬರುತ್ತಿದ್ದ ತಮಿಳೆಲ್ಲ ಮರೆತುಹೋಯಿತು.

ಮೂರನೆಯ ದಿನ ಸತ್ತೇಗಾಲದ ಬಸ್ಸಿನಲ್ಲಿ ಕಂಡಕ್ಟರ್ ಕೆಂಚಯ್ಯ ಎಂದಿನ ಟಿಕೀಟು ಹರಿಯಹೋದ.

"ಊರಗಂಟ ಕೊಡಪ್ಪ," ಎಂದ ಸದಾಶಿವಪ್ಪ.

"ಏನ್ ಸದಾಶಿವಪ್ನೋರೆ, ಮದರಾಸು ನೋಡ್ಕಂಡು ಬಂದು ಸಾವ್ಕಾರ್ರಾಗ್ಬುಟ್ರಾ?"

ಹಳೆಯ ಸ್ಟೇಜಿನಲ್ಲಿ ಬಸ್ಸು ನಿಂತಿತು. ಶಿವರತ್ನಮ್ಮ ಡಬ್ಬಿ ಎತ್ತಿಕೊಂಡು ಎದ್ದಳು.

"ಕೂತ್ಕೊ. ಊರಗಂಟ ತಕಂಡಿವ್ನಿ."

"ಈಗ್ಯಾಕ್ರಿ ಬಿರ್ರನೆ ಓಗೋದು? ಅಲ್ಯಾರು ಕಾಯ್ತಾವ್ರೆ?" ಎಂದು ಇಳಿದೇಬಿಟ್ಟಳು.

ಟಿಕೀಟು ಮುಷ್ಟಿಯಲ್ಲಿ ಹಿಡಿದುಕೊಂಡು ಸದಾಶಿವಪ್ಪನೂ ಇಳಿದ. ಬದುವಿನ ಮೇಲೆ ಅವಳಾಗಲೇ ಮುಂದೆ ಹೋಗುತ್ತಿದ್ದಳು.