ಅಂಗೈ ಮೇಲಿನ ಕಪ್ಪೆ

“ಎಡಕ್ಕೆ ಎಳಿಯೋ ಮಾರಾಯ, ವಾಲ್ತಾ ಐತೆ!” ಕೆಳಗಿನಿಂದ ಯಾರೋ ಕೂಗಿದರು.

ಹೋಂಸ್ಟೇ ಕೆಲಸದ ಹುಡುಗ ಪ್ರವೀಣ ಸಿಲ್ವರ್ ಓಕ್ ಮರಕ್ಕೆ ಏಣಿ ಆನಿಸಿ, ಹಗ್ಗ ಹಲ್ಲಲ್ಲಿ ಕಚ್ಚಿಕೊಂಡು ಫ್ಲೆಕ್ಸ್ ಕಟ್ಟುತ್ತಿದ್ದ. ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಗಂಗಾಮಣಿ ಕತ್ತೆತ್ತಿ ನೋಡಿದಳು. ‘ಲಕ್ಕಪ್ಪ’ ಅನ್ನುವ ಹೆಸರಿಗಿಂತ ಹೋಂಸ್ಟೇಯ ಫೋನ್ ನಂಬರು ದಪ್ಪಗಿತ್ತು. ಇವೆರಡರ ನಡುವೆ ಲಕ್ಕಪ್ಪ ಹಲ್ಲುಬಿಟ್ಟು ನಗುತ್ತ ಅಂಗೈ ಚಾಚಿದ್ದ. ಅಂಗೈ ಮೇಲೆ ಹೆಬ್ಬೆರಳಷ್ಟು ಒಂದು ಕಪ್ಪೆ.

ಅವಳು ಪ್ರವೀಣನ ಕಡೆ ತಿರುಗಿದಳು.

“ಬೇರೆ ಫೋಟೋ ಸಿಗ್ಲಿಲ್ವೇನೋ?”

“ಮಾವಂದು ಇರೋದೇ ಅದೊಂದು, ಅತ್ತೆ. ಆಧಾರ್ ಕಾರ್ಡಲ್ಲಿ ಮುಖಾನೇ ಕಾಣಲ್ಲ. ತೋಟದ ಧಣಿ ಅಭಿಲಾಷಣ್ಣ ಕೊಟ್ಟಿದ್ದು.”

“ಇಳಿಸ್ಬುಡು.”

“ಮಣ್ಣಾಗೋ ಗಂಟ ಇರ್ಲಿ ಬುಡತ್ತೆ. ಈಗಿಳಿಸಿದ್ರೆ ಅವ್ರೇನಂದ್ಕಂತಾರೆ?”

ಅವಳಿಗೆ ವಾದಿಸುವ ತ್ರಾಣವಿರಲಿಲ್ಲ. ಹದಿನೈದು ದಿನ ಉಬ್ಬಸದ ಗಂಡನ ಬೆನ್ನು ನೀವಿ ನೀವಿ ತೋಳು ಸೋತಿದ್ದವು. ತೋಟದ ಕೂಲಿಗಳ ಲೈನಿನಲ್ಲಿ ಪಕ್ಕದ ಮನೆಯ ಈರಮ್ಮ ಹೆಣದ ಹೆಬ್ಬೆರಳೆರಡನ್ನೂ ಜೋಡಿಸಿ ದಾರ ಸುತ್ತುತ್ತ ಗೊಣಗಿದಳು: “ಬದುಕಿದ್ದಾಗ ಲೈನ್ ಮನೆ ಸೂರಿಗೊಂದು ಶೀಟ್ ಹಾಕ್ಸಿ ಅಂದ್ರೆ ಧಣಿ ಹಾಕಿಸ್ನಿಲ್ಲ. ಸತ್ತ್ ಮೇಲೆ ಹತ್ತಡಿ ಫ್ಲೆಕ್ಸು! ಮಳೆಗಾಲಕ್ಕೆ ಹೊದಿಸ್ಕೊಳಕ್ಕಾಯ್ತದೆ, ಬುಡು.”

*

ಒಂಬತ್ತು ವರ್ಷದ ಹಿಂದೆ, ಮಳೆ ಬಿಡುವು ಕೊಟ್ಟ ಒಂದು ದಿನ, ಲಕ್ಕಪ್ಪ ಕಾಫಿ ಗಿಡಗಳಿಗೆ ಮೈಲುತುತ್ತದ ಔಷಧಿ ಹೊಡೆಯುತ್ತಿದ್ದ. ಆಗಷ್ಟೇ ಹೋಂಸ್ಟೇ ತೆರೆದಿದ್ದ ಅಭಿಲಾಷ್ ಅವನನ್ನು ಕೂಗಿ ಕರೆದ. ದೊಡ್ಡ ಕ್ಯಾಮೆರಾದವರು ಬಂದಿದ್ದಾರೆ, ಕಾಲು ಬೀಸೋ ಕಪ್ಪೆ ತೋರಿಸಬೇಕು, ಈಗಲೇ.

ತೋಟದ ಕೆಳಗೆ ಹರಿಯುವ ಹೆಗ್ಗದ್ದೆ ಹಳ್ಳದ ಕಪ್ಪೆ ಅಂಥದ್ದು. ನೀರಿನ ಮೊರೆತದಲ್ಲಿ ಕೂಗು ಕೇಳುವುದಿಲ್ಲವೆಂದು ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ, ಬೆರಳು ಬಿಡಿಸಿ, ಬೀಸಿ ಬೀಸಿ ಜೊತೆಯನ್ನು ಕರೆಯುತ್ತದೆ. ಕ್ಯಾಮೆರಾದವರಿಗೆ ಅಷ್ಟು ಸಾಲದು. “ಹಿಡಿದು ಕೈಮೇಲೆ ಇಟ್ಕೊ, ನಗು,” ಎಂದರು. ಧಣಿಯೂ “ಹಿಡಿಯೋ” ಎಂದ. ಲಕ್ಕಪ್ಪ ಹಿಡಿದ. ನಕ್ಕ.

ಮತ್ತೆ ಕಲ್ಲಿನ ಮೇಲೆ ಬಿಟ್ಟಾಗ ಕಪ್ಪೆ ಅಲ್ಲಾಡಲಿಲ್ಲ. ಬಂದವರು ಹೋದರು. ಅವನು ಮಾತ್ರ ಅದು ಕಾಲು ಬೀಸೀತೆಂದು ಹೊತ್ತು ಮುಳುಗುವವರೆಗೂ ಹಳ್ಳದಲ್ಲೇ ಕೂತ. ಆಮೇಲೆ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲೆಲ್ಲ ಮೈಲುತುತ್ತದ ನೀಲಿ.

ಅವತ್ತು ಬೂದಿ ಹಾಕಿ ಮೂರು ಸಲ ಕೈ ತಿಕ್ಕಿದ. ಊಟಕ್ಕೆ ಕೂತವನು, “ಸ್ಪೂನ್ ಐತಾ?” ಎಂದು ಕೇಳಿದ. ಆ ಕೈಗೆ ದಿನವೂ ವಿಷ ಬಳಿದು ಕಳಿಸುತ್ತಿದ್ದವರು ಯಾರೆಂದು ಅವನು ಕೇಳಲಿಲ್ಲ. ಗಂಗಾಮಣಿ ಕೇಳಿದಳು, ಕೇಳಿದ್ದು ಮನೆಯ ಗೋಡೆಗಳಿಗೆ ಮಾತ್ರ.

ಮಾರನೆಯ ದಿನದಿಂದ ಕಪ್ಪೆ ನೋಡಲು ತನ್ನ ಜೊತೆ ಹಳ್ಳಕ್ಕಿಳಿಯುವ ಯಾರೇ ಆದರೂ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದ. ಮೊದಲು ತಾನು ಕಟ್ಟಿಕೊಂಡ. ಅಭಿಲಾಷ್ ರೇಗಿದ. ಕಪ್ಪೆ ಮುಟ್ಟದ ಈ ಗೈಡನ್ನೇ ಹುಡುಕಿಕೊಂಡು ಜನ ಬರತೊಡಗಿದ ಮೇಲೆ ಅವನೇ ‘ಕಪ್ಪೆ ಮುಟ್ಟಬೇಡಿ’ ಎಂದು ಗೇಟಿಗೆ ಬೋರ್ಡು ಹಾಕಿಸಿದ. ಅವಸರದ ಗಿರಾಕಿಗಳಿಗೆ ಮಾತ್ರ ಪ್ರವೀಣ ಕಪ್ಪೆ ಹಿಡಿದಿಟ್ಟ ಪ್ಲಾಸ್ಟಿಕ್ ಡಬ್ಬಿ, ಹೋಂಸ್ಟೇ ಅಡುಗೆಮನೆಯ ಹಿಂದೆ.

*

ಹನ್ನೊಂದು ಗಂಟೆಗೆ ಅಭಿಲಾಷ್ ಹಾರ ಹಿಡಿದು ಬಂದ. ಜೊತೆಗೆ ಹೋಂಸ್ಟೇಗೆ ಆವತ್ತೇ ಬಂದಿಳಿದ ಸೌಜನ್ಯ ಎಂಬ ಹೆಂಗಸು. ಎರಡು ವರ್ಷದ ಹಿಂದೆ ಲಕ್ಕಪ್ಪನ ಹಿಂದೆ ಹಳ್ಳಕ್ಕಿಳಿದಿದ್ದವಳು. ಚಪ್ಪಲಿ ದೂರ ಬಿಟ್ಟು ಬಂದು ಗಂಗಾಮಣಿಯ ಎದುರು ಕುಕ್ಕರಿಸಿದಳು.

“ಅವತ್ತು ಬರೋ ಮುಂಚೆ ನಾಲ್ಕು ಕಡೆ ವಿಚಾರಿಸಿದ್ದೆ ಅಮ್ಮ. ಮೂರು ಕಡೆ ಗ್ಯಾರಂಟಿ ತೋರಿಸ್ತೀವಿ ಅಂದ್ರು. ಇವರೊಬ್ಬರೇ ಫೋನಲ್ಲಿ, ‘ಗ್ಯಾರಂಟಿ ಇಲ್ಲ ಕಣ್ರೀ, ಅದ್ರ ಮನಸು ಬಂದ್ರೆ ಕಾಣ್ತದೆ’ ಅಂದಿದ್ದು. ಅದಕ್ಕೇ ಇವರ ಹತ್ರ ಬಂದೆ.”

ಗಂಗಾಮಣಿಗೆ ತುಟಿಯಂಚಲ್ಲಿ ನಗೆ ಬಂದಂತಾಯಿತು. ಅವನದೇ ಮಾತು.

ಸೌಜನ್ಯ ಎದ್ದು ಫ್ಲೆಕ್ಸ್ ನೋಡಿದಳು. ಹುಬ್ಬು ಗಂಟಿಕ್ಕಿತು. “ಅರೆ... ಇವರೂ ಕೈಯಲ್ಲಿ ಹಿಡೀತಿದ್ರಾ?”

ಅಭಿಲಾಷ್ ನಡುವೆ ಬಾಯಿ ಹಾಕಿದ. “ಅದು ಹಳೇದು ಮೇಡಂ. ನಾಳೆ ನಮ್ಮ ಪ್ರವೀಣ್ ಬರ್ತಾನೆ, ಲಕ್ಕಪ್ಪನೇ ತಯಾರು ಮಾಡಿದ ಹುಡುಗ.”

“ಹೂಂ, ಡಬ್ಬಿ ಗೈಡು,” ಎಂದಳು ಈರಮ್ಮ, ಎಲ್ಲರಿಗೂ ಕೇಳುವಂತೆ. ಪ್ರವೀಣ ನೆಲ ನೋಡಿದ.

ಗಂಗಾಮಣಿ ಮೊಣಕಾಲಿಗೆ ಕೈಯೂರಿ ಎದ್ದಳು. ಒಂಬತ್ತು ವರ್ಷ ಆ ಮನುಷ್ಯ ಕೈ ಹಿಂದೆ ಕಟ್ಟಿಕೊಂಡು ತೀರಿಸಿದ್ದನ್ನು ಹತ್ತಡಿ ಬಟ್ಟೆಯೊಂದು ಅರೆಗಳಿಗೆಯಲ್ಲಿ ಅಳಿಸಿತ್ತು. ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದಳು. ದಾರಿ ಬಿಟ್ಟವರ ನಡುವೆ ನಡೆದು ಮರಕ್ಕೆ ಏಣಿ ಆನಿಸಿ ಹತ್ತಿದಳು.

“ಏ ಗಂಗಾ, ಏನಿದು? ನಮ್ಮ ಹೋಂಸ್ಟೇ ಹೆಸರಿದೆ ಅದರಲ್ಲಿ!”

“ನಿಮ್ಮೆಸ್ರು ಮುಟ್ಟಕಿಲ್ಲ ಧಣಿ.”

“ಲೈನ್ ಮನೆ ವಿಚಾರ ನಾಳೆ ಕೂತು ಮಾತಾಡೋದಿದೆ. ನೆನಪಿರಲಿ.”

“ನಾಳೆ ಮಾತಾಡಾನ. ಇವತ್ತು ಮಣ್ಣು.” ಅವಳ ದನಿ ಏರಲಿಲ್ಲ, ಏರಿಸಲು ಉಸಿರೂ ಇರಲಿಲ್ಲ.

ಕುಡುಗೋಲು ಪರಪರನೆ ಫ್ಲೆಕ್ಸಿನ ಅಂಗೈ ಸುತ್ತ ಹರಿಯಿತು. ನಗುವ ಮುಖ ಉಳಿಯಿತು. ಕತ್ತರಿಸಿದ ತುಂಡನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಇಳಿದಳು. “ಒಂದೇ ಸಲ ಹಿಡಿದಿದ್ದು ಕಣವ್ವ,” ಎಂದಳು ಸೌಜನ್ಯಳಿಗೆ. “ಅದು ಸತ್ತೋಯ್ತು. ಆಮೇಲೆ ಹಿಡೀಲಿಲ್ಲ.”

ಸೌಜನ್ಯ ಅಭಿಲಾಷನ ಕಡೆ ತಿರುಗಿ, “ನಾಳೆ ಗೈಡ್ ಬೇಡ,” ಎಂದಳು.

ಗುಂಡಿ ದೂರವಿರಲಿಲ್ಲ, ಲೈನಿನ ಕೆಳಗೆ, ಕಾಫಿ ಗಿಡಗಳ ಅಂಚಿಗೆ. ಮೂರು ಹಿಡಿ ಮಣ್ಣು ಹಾಕುವಾಗ ಗಂಗಾಮಣಿ ಮೊದಲ ಹಿಡಿಯ ಜೊತೆ ಸೆರಗಿನ ತುಂಡನ್ನೂ ಬಿಟ್ಟಳು. ಪ್ರವೀಣ ಅದನ್ನು ನೋಡಿದ.

ಮಣ್ಣು ಮುಗಿಸಿ ಕೈಕಾಲು ತೊಳೆಯಲು ಎಲ್ಲರೂ ಹಳ್ಳಕ್ಕಿಳಿದರು. ಮೇಲೆ ಬಂದ ಗಂಗಾಮಣಿ ಜಗಲಿಯ ಮೇಲೆ ಕುಸಿದು ಕೂತಳು. ಗಾಳಿಗೆ ಫ್ಲೆಕ್ಸ್ ಪಟಪಟ ಬಡಿಯುತ್ತಿತ್ತು. ಅಂಗೈ ಇದ್ದ ಜಾಗದಲ್ಲೊಂದು ತೂತು. ತೂತಿನಾಚೆ ಕೆಳಗೆ, ಹಳ್ಳ. ತೊಳೆದವರೆಲ್ಲ ಹತ್ತಿ ಬರುತ್ತಿದ್ದರೂ ಪ್ರವೀಣ ಇನ್ನೂ ಮರಳು ಹಾಕಿ ಕೈ ತಿಕ್ಕುತ್ತಲೇ ಇದ್ದ. ಆಮೇಲೆ ಎದ್ದುನಿಂತ. ಒದ್ದೆ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನೀರಿನ ನಡುವಿನ ಒಂದು ಕಲ್ಲಿನತ್ತ ಬಾಗಿದ.